ತೂಕವಿಲ್ಲದ್ದನ್ನು ತೂಗುವ ಕೆಲಸ

(ಹೀಲಿಯಂ ತುಂಬಿ ಹಾರಿಸುವ ಏರ್‌ಶಿಪ್ ಮನೆಯಲ್ಲೇ ಮಾಡುವ ಬಗ್ಗೆ ಬಾಗಲಕೋಟೆಯಲ್ಲಿ ವಿಜ್ಞಾನ ಆಸಕ್ತರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಒಂದಿಷ್ಟು ಲೆಕ್ಕ ಸೇರಿಸಿದ್ದೇನೆ, ಒಂದಿಷ್ಟು ತಮಾಷೆ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ವಸ್ತು ಇಟ್ಟಿದ್ದೇನೆ. ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂಥ ಚಿಕ್ಕ ಡಿಜಿಟಲ್ ತಕ್ಕಡಿ. ಅರ್ಧ ಕೆಜಿ ಸಕ್ಕರೆ ಪ್ಯಾಕೆಟ್. ಹುಟ್ಟುಹಬ್ಬಕ್ಕೆ ಕಟ್ಟುವ ದುಂಡನೆಯ ಬೆಳ್ಳಿ ಬಣ್ಣದ ಬಲೂನು, 18 ಇಂಚಿನದು, ಹೀಲಿಯಂ ತುಂಬಿದ್ದು. ಈ ಬಲೂನು ಎಷ್ಟು ತೂಕ ಎತ್ತುತ್ತದೆ ಅಂತ ಹೇಳಿ ನೋಡೋಣ. ತಕ್ಕಡಿ ಮೇಲೆ ಇಡೋಣ ಅಂದರೆ ಅದು ಸೂರಿಗೆ ಹೋಗಿ ಕೂರುತ್ತದೆ.

ಉಪಾಯ ಸುಲಭ. ಸಕ್ಕರೆ ಪ್ಯಾಕೆಟ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬಲೂನನ್ನು ಅದಕ್ಕೆ ಕಟ್ಟಿ. ನೋಡಿ, ಮೈನಸ್ 3.6 ಬಂತು. ಸಕ್ಕರೆ ಒಂದು ಕಾಳೂ ಎಲ್ಲಿಗೂ ಹೋಗಿಲ್ಲ, ಆದರೆ ತೂಕ ಕಮ್ಮಿಯಾಯಿತು. ಅಂದರೆ ಈ ಬಲೂನು ತನ್ನ ತೂಕ ಹೊತ್ತು, ಮೇಲೆ ಇನ್ನು 3.6 ಗ್ರಾಂ ಹೊರಬಲ್ಲದು. ಒಂದು ರೂಪಾಯಿ ನಾಣ್ಯವನ್ನೂ ಸರಿಯಾಗಿ ಎತ್ತಲಾರದು. ನನ್ನ ಜೇಬಿನಲ್ಲಿರುವ ನಾಣ್ಯ 3.8 ಗ್ರಾಂ ಇದೆ.

ಎಂಟು ವರ್ಷದಿಂದ ಮನೆಯಲ್ಲಿ ರಿಮೋಟ್‌ನಿಂದ ಹಾರುವ ಏರ್‌ಶಿಪ್ ಮಾಡುತ್ತಿದ್ದೇನೆ. ಹನ್ನೊಂದು ಮಾಡಿದ್ದೇನೆ, ನಾಲ್ಕು ಸರಿಯಾಗಿ ಹಾರಿವೆ. ವಾಯುನೌಕೆ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ನಾವು ಹವ್ಯಾಸಿಗಳು ಏರ್‌ಶಿಪ್ ಅಂತಲೋ ಬ್ಲಿಂಪ್ ಅಂತಲೋ ಅನ್ನುತ್ತೇವೆ. ಬ್ಲಿಂಪ್ ಅಂದರೆ ಒಳಗೆ ಅಸ್ಥಿಪಂಜರ ಇಲ್ಲದ್ದು. ಅನಿಲದ ಒತ್ತಡದಿಂದಲೇ ಆಕಾರ ನಿಲ್ಲುತ್ತದೆ. ಮನೆಯಲ್ಲಿ ಮಾಡುವುದೆಲ್ಲ ಹೆಚ್ಚುಕಮ್ಮಿ ಇದೇ. ಜನ ಇದನ್ನು ಹಾರಿಸುವ ಹವ್ಯಾಸ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಮಯ ತೂಗುವುದರಲ್ಲೇ ಹೋಗಿದೆ.

ಗಾಳಿಗೆ ತೂಕ ಇದೆ ಅನ್ನುವುದು ಶಾಲೆಯಲ್ಲಿ ಓದಿರುತ್ತೇವೆ, ಆದರೆ ನಂಬಿರುವುದಿಲ್ಲ. ಮನೆ ಮೇಲಿನ ಸಾವಿರ ಲೀಟರಿನ ಕಪ್ಪು ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಅದು ಖಾಲಿ ಇದ್ದಾಗ ಒಳಗಿರುವ ಗಾಳಿಯೇ ಒಂದು ಕೆಜಿಗಿಂತ ಜಾಸ್ತಿ. ಮಂಗಳೂರಿನ ಸಮುದ್ರ ತೀರದಲ್ಲಿ, 30 ಡಿಗ್ರಿ ಸೆಕೆಯಲ್ಲಿ, ಸುಮಾರು 1,160 ಗ್ರಾಂ. ಅದೇ ಟ್ಯಾಂಕಿನ ತುಂಬ ಹೀಲಿಯಂ ಇದ್ದರೆ 160 ಗ್ರಾಂ. ನಡುವಿನ ಒಂದು ಕೆಜಿಯೇ ನಮ್ಮ ಬಂಡವಾಳ. ಅದನ್ನೇ ಎತ್ತುವ ಬಲ ಅನ್ನುತ್ತೇವೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯೇ ತೆಳು. ಅದೇ ಟ್ಯಾಂಕ್ ಅಲ್ಲಿ 920 ಗ್ರಾಂ ಮಾತ್ರ ಎತ್ತುತ್ತದೆ. ಬಲೂನಿನವರು ಕೊಡುವ ಹೀಲಿಯಂ ಪೂರ್ತಿ ಶುದ್ಧ ಇರುವುದಿಲ್ಲ, ಹಾಗಾಗಿ ನಾನು 900 ಅಂತ ಹಿಡಿಯುತ್ತೇನೆ. ನಿಮ್ಮ ಬಾಗಲಕೋಟೆ ಇವೆರಡರ ನಡುವೆ ಬರುತ್ತದೆ. ವಿದೇಶದವರು ಕೊಟ್ಟ ನಕ್ಷೆ ನೋಡಿ ಬೆಂಗಳೂರಿನಲ್ಲಿ ಏರ್‌ಶಿಪ್ ಕಟ್ಟಿ, "ಯಾಕೋ ಏಳ್ತಾನೇ ಇಲ್ಲ" ಅಂತ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಊರಿನ ಎತ್ತರಕ್ಕೆ ನೂರಕ್ಕೆ ಎಂಟು ಪಾಲು ಸುಂಕ ಕಟ್ಟಬೇಕು ಅನ್ನುವುದು ಗೊತ್ತಿರಲಿಲ್ಲ.

ಈಗ ಗಾತ್ರದ ವಿಷಯ. ಮೊದಲು ಚಿಕ್ಕದು ಮಾಡಿ ಕಲಿಯೋಣ, ಆಮೇಲೆ ದೊಡ್ಡದು ಮಾಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಏರ್‌ಶಿಪ್‌ನಲ್ಲಿ ಇದು ತಲೆಕೆಳಗು. ಚಿಕ್ಕದು ಕಷ್ಟ, ದೊಡ್ಡದು ಸುಲಭ.

ಯಾಕೆ ಅಂತ ಲೆಕ್ಕ ಹಾಕೋಣ. ಸೌತೆಕಾಯಿ ಆಕಾರದ ಚೀಲ, ದಪ್ಪ ಉದ್ದದ ಮೂರನೇ ಒಂದು ಪಾಲು. ಹಾಳೆ ಒಂದು ಚದರ ಮೀಟರ್‌ಗೆ 35 ಗ್ರಾಂ ಇರಲಿ. 75 ಸೆಂಟಿಮೀಟರ್ ಉದ್ದದ್ದು ಮಾಡಿದರೆ ಬೆಂಗಳೂರಿನಲ್ಲಿ ಎತ್ತುವ ಬಲ 22 ಗ್ರಾಂ. ಹಾಳೆಯ ತೂಕವೇ 17 ಗ್ರಾಂ. ಅಂಚು, ಮೂತಿ, ವಾಲ್ವ್ ಸೇರಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದನ್ನೇ ದುಪ್ಪಟ್ಟು ಮಾಡಿ, ಒಂದೂವರೆ ಮೀಟರ್. ಹಾಳೆ ನಾಲ್ಕು ಪಟ್ಟಾಗಿ 68 ಗ್ರಾಂ ಆಯಿತು. ಒಳಗಿನ ಜಾಗ ಮಾತ್ರ ಎಂಟು ಪಟ್ಟು. ಎತ್ತುವ ಬಲ 176 ಗ್ರಾಂ. ನೂರು ಗ್ರಾಂ ನಮ್ಮದು! ಮತ್ತೆ ದುಪ್ಪಟ್ಟು, ಮೂರು ಮೀಟರ್ ಮಾಡಿ. ಎತ್ತುವುದು 1,400 ಗ್ರಾಂ, ಹಾಳೆ 270. ಈಗ ಕ್ಯಾಮೆರಾ ಕೂಡ ಹಾಕಬಹುದು. ಜರ್ಮನರು ಹಿಂಡೆನ್‌ಬರ್ಗ್ ಏರ್‌ಶಿಪ್ಪನ್ನು 245 ಮೀಟರ್ ಉದ್ದ ಕಟ್ಟಿದ್ದು ಸುಮ್ನೆ ಜಂಬಕ್ಕಲ್ಲ. ಗಾತ್ರ ಬೆಳೆದಷ್ಟೂ ಈ ಲೆಕ್ಕ ನಮ್ಮ ಕಡೆ ವಾಲುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ಒಂದೂವರೆ ಮೀಟರ್ ಹೇಳುತ್ತೇನೆ. ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಸುತ್ತದೆ. ಹೀಲಿಯಂ 200 ಲೀಟರ್ ಸಾಕು.

ಚೀಲ ಹೊಲಿಯುವುದೇ ಇದರಲ್ಲಿ ದೊಡ್ಡ ಕಥೆ. ರಬ್ಬರ್ ಬಲೂನು ಆಗುವುದಿಲ್ಲ, ಹೀಲಿಯಂ ಒಂದೇ ದಿನದಲ್ಲಿ ಅದರ ಮೈಯಿಂದ ಸೋರಿ ಹೋಗುತ್ತದೆ. ಬರೀ ಪಾಲಿಥೀನ್ ಕೂಡ ಹಾಗೇ. ಬೇಕಾದದ್ದು ಚಿಪ್ಸ್ ಪ್ಯಾಕೆಟ್, ಟೀ ಪುಡಿ ಪ್ಯಾಕೆಟ್‌ಗೆ ಬಳಸುವ ಜಾತಿಯ ಹಾಳೆ. ಹೊರಗಡೆ ತೆಳು ಪಾಲಿಯೆಸ್ಟರ್, ಅದಕ್ಕೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಲ್ಯುಮಿನಿಯಂ ಲೇಪ, ಒಳಗಡೆ ಪಾಲಿಥೀನ್ ಪದರ. ಲೋಹದ ಲೇಪ ಅನಿಲವನ್ನು ತಡೆಯುತ್ತದೆ. ಪಾಲಿಥೀನ್ ಸುಮಾರು 110 ಡಿಗ್ರಿಗೆ ಕರಗುತ್ತದೆ, ಪಾಲಿಯೆಸ್ಟರ್ 250 ದಾಟಬೇಕು. ಆದ್ದರಿಂದ ಎರಡು ಹಾಳೆಗಳ ಒಳಮೈ ಸೇರಿಸಿ ಹದವಾಗಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಒಳಪದರ ಕರಗಿ ಅಂಟುತ್ತದೆ, ಹೊರಪದರಕ್ಕೆ ಏನೂ ಆಗುವುದಿಲ್ಲ. ಇಸ್ತ್ರಿಗೂ ಹಾಳೆಗೂ ನಡುವೆ ಒಂದು ತೆಳು ಹತ್ತಿ ಬಟ್ಟೆ ಇಡಿ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಚಕ್ಕುಲಿ ಪ್ಯಾಕೆಟ್ ಮುಚ್ಚುವ ಸೀಲಿಂಗ್ ಮೆಷಿನ್ ಸಿಕ್ಕರೆ ಇನ್ನೂ ಚೆನ್ನ. ಬೆಳ್ಳಗಿದ್ದದ್ದೆಲ್ಲ ಆಗುತ್ತದೆ ಅಂದುಕೊಳ್ಳಬೇಡಿ. ಪ್ರಥಮ ಚಿಕಿತ್ಸೆ ಕಿಟ್‌ನಲ್ಲಿ ಬರುವ ಬೆಳ್ಳಿ ಹೊದಿಕೆ ಬಹಳ ಹಗುರ, ಆಸೆ ಹುಟ್ಟಿಸುತ್ತದೆ. ಆದರೆ ಅದರಲ್ಲಿ ಪಾಲಿಥೀನ್ ಪದರ ಇಲ್ಲ. ಎಷ್ಟು ಇಸ್ತ್ರಿ ಹಾಕಿದರೂ ಅಂಟುವುದಿಲ್ಲ.

ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಮೇಲಿಂದ ಕೆಳಗೆ ಸೀಳು ಸೀಳಾಗಿ ಬಿಡಿಸುತ್ತೇವಲ್ಲ, ಚೀಲದ ಹಾಳೆಯನ್ನೂ ಹಾಗೇ ಕತ್ತರಿಸುವುದು. ನಾನು ಅದನ್ನು ತೊಳೆ ಅಂತಲೇ ಕರೆಯುತ್ತೇನೆ. ನಾಲ್ಕು ತೊಳೆಯಲ್ಲಿ ಮುಗಿಸಬಹುದು, ಸುಕ್ಕು ಜಾಸ್ತಿ. ಆರು ಮಾಡಿದರೆ ಮೈ ನಯವಾಗಿ ಬರುತ್ತದೆ. ಎಂಟು ಮಾಡುವವರ ತಾಳ್ಮೆಗೆ ನನ್ನ ನಮಸ್ಕಾರ. ಪ್ರತಿ ಹತ್ತು ಸೆಂಟಿಮೀಟರ್‌ಗೆ ಆ ಜಾಗದ ಸುತ್ತಳತೆ ಲೆಕ್ಕ ಹಾಕಿ, ಆರರಿಂದ ಭಾಗಿಸಿ, ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಅಂಚು ಬಿಡಿ. ನಮ್ಮ ಒಂದೂವರೆ ಮೀಟರಿನದಕ್ಕೆ ಅಂಚು ಸೇರಿಸದೆ ನಡುವಿನ ಅಗಲ 26 ಸೆಂಟಿಮೀಟರ್ ಬರುತ್ತದೆ. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡು ಆರೂ ಕತ್ತರಿಸಿ.

ಮೊದಲ ಸಲ ನಾನು ಇಲ್ಲೇ ಎಡವಿದೆ. ಏರ್‌ಶಿಪ್ ಒಂದೂವರೆ ಮೀಟರ್ ತಾನೆ, ತೊಳೆಯೂ ಒಂದೂವರೆ ಮೀಟರ್ ಅಂತ ಕತ್ತರಿಸಿದೆ. ಗಾಳಿ ತುಂಬಿದರೆ ಗಿಡ್ಡನೆ ಕುಂಬಳಕಾಯಿ ಬಂತು. ತೊಳೆ ನೇರ ಹೋಗುವುದಿಲ್ಲ, ಬಾಗಿದ ಮೈಮೇಲೆ ಹೋಗುತ್ತದೆ. ಅದರ ಉದ್ದ ಅಂಡಾಕಾರದ ಸುತ್ತಳತೆಯ ಅರ್ಧ. ಅಂಡಾಕಾರದ ಸುತ್ತಳತೆಗೆ ಸರಳ ಸೂತ್ರ ಇಲ್ಲ, ನಿಮಗೆ ಗೊತ್ತಿರಬಹುದು. ಇಲ್ಲಿ ನಮ್ಮ ಕೈ ಹಿಡಿಯುವವರು ಶ್ರೀನಿವಾಸ ರಾಮಾನುಜನ್! 1914ರಲ್ಲಿ ಪೈ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಇದಕ್ಕೊಂದು ಅಂದಾಜು ಸೂತ್ರ ಕೊಟ್ಟಿದ್ದಾರೆ. ಉದ್ದದ ಅರ್ಧವನ್ನೂ ದಪ್ಪದ ಅರ್ಧವನ್ನೂ ಕೂಡಿ ಮೂರರಿಂದ ಗುಣಿಸಿ. ಅದರಿಂದ ಒಂದು ವರ್ಗಮೂಲ ಕಳೆಯಬೇಕು. ಆ ವರ್ಗಮೂಲದ ಒಳಗೆ, ಮೊದಲನೆಯದರ ಮೂರು ಪಟ್ಟಿಗೆ ಎರಡನೆಯದನ್ನು ಕೂಡಿದ್ದು, ಎರಡನೆಯದರ ಮೂರು ಪಟ್ಟಿಗೆ ಮೊದಲನೆಯದನ್ನು ಕೂಡಿದ್ದು, ಇವೆರಡರ ಗುಣಲಬ್ಧ ಇರುತ್ತದೆ. ಬಂದದ್ದನ್ನು ಪೈನಿಂದ ಗುಣಿಸಿ. ನಮ್ಮ ಚೀಲಕ್ಕೆ 3.34 ಮೀಟರ್ ಬರುತ್ತದೆ. ಅರ್ಧ ಮಾಡಿದರೆ ತೊಳೆಯ ಉದ್ದ 1.67 ಮೀಟರ್. ನಾನು 17 ಸೆಂಟಿಮೀಟರ್ ಕಮ್ಮಿ ಕತ್ತರಿಸಿದ್ದೆ. ರಾಮಾನುಜನ್ ಸೂತ್ರವನ್ನು ಇಸ್ತ್ರಿ ಪೆಟ್ಟಿಗೆ ಪಕ್ಕ ಇಟ್ಟುಕೊಂಡು ಬಳಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಅಂಚು ಸೇರಿಸುವಾಗ ಒಳಮೈಗೆ ಒಳಮೈ ತಾಗಬೇಕು. ಅಂಚು ಹೊರಗಡೆ ಚಾಚಿಕೊಂಡಿರುತ್ತದೆ, ಕರ್ಜಿಕಾಯಿಯ ಅಂಚು ಒತ್ತಿದ ಹಾಗೆ. ನಮ್ಮಮ್ಮ ನೋಡಿ, "ಇದೇನೋ, ಇಷ್ಟು ದೊಡ್ಡ ಕರ್ಜಿಕಾಯಿ" ಅಂದಿದ್ದರು. ಅವರ ಮಾತು ನಿಜವೇ. ಕರ್ಜಿಕಾಯಿ ಬಾಯಿ ಬಿಟ್ಟರೆ ಎಣ್ಣೆ ಹಾಳು, ಇದು ಬಾಯಿ ಬಿಟ್ಟರೆ ಹೀಲಿಯಂ ಹಾಳು. ಹೀಲಿಯಂ ಎಣ್ಣೆಗಿಂತ ತುಟ್ಟಿ. ಅದಕ್ಕೇ ಮೊದಲು ಬರೀ ಗಾಳಿ ತುಂಬಿ, ಅಂಚಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡಬೇಕು. ಪಂಕ್ಚರ್ ಅಂಗಡಿಯ ವಿದ್ಯೆ.

ಎರಡನೇ ಏರ್‌ಶಿಪ್‌ಗೆ ಇಸ್ತ್ರಿಯ ಗೊಡವೆಯೇ ಬೇಡ ಅಂತ ಅಂಚಿಗೆಲ್ಲ ಪಾರ್ಸೆಲ್ ಟೇಪ್ ಹಾಕಿದೆ. ಎರಡು ಇಂಚಿನ ಟೇಪು ಒಂದು ಮೀಟರ್‌ಗೆ ಸುಮಾರು 2 ಗ್ರಾಂ. ಆರು ಅಂಚು, ಒಂದೊಂದೂ 1.67 ಮೀಟರ್, ಒಟ್ಟು ಹತ್ತು ಮೀಟರ್. ಇಪ್ಪತ್ತು ಗ್ರಾಂ ಅಲ್ಲೇ ಹೋಯಿತು. ಸೋರಿದ ಕಡೆಯೆಲ್ಲ ಇನ್ನೊಂದು ಪದರ. ಹೀಲಿಯಂ ತುಂಬಿಸಿ ಮೋಟರ್ ಕಟ್ಟಿದರೆ ಅದು ನೆಲದ ಮೇಲೆ ಎಮ್ಮೆ ಹಾಗೆ ಮಲಗಿತ್ತು. ಅವತ್ತಿನಿಂದ ಟೇಪನ್ನೂ ತೂಗಿಯೇ ಹಾಕುವುದು.

ದೊಡ್ಡವರೂ ಇದೇ ತಪ್ಪು ಮಾಡಿದ್ದಾರೆ ಅಂತ ಆಮೇಲೆ ಓದಿ ಸ್ವಲ್ಪ ಸಮಾಧಾನವಾಯಿತು, ಜೊತೆಗೆ ಸಂಕಟವೂ ಆಯಿತು. ಬ್ರಿಟಿಷರು ಇಂಗ್ಲೆಂಡಿನಿಂದ ಭಾರತಕ್ಕೆ ಜನರನ್ನು ಕರೆತರಲು ಆರ್101 ಅಂತ ಒಂದು ಏರ್‌ಶಿಪ್ ಕಟ್ಟಿದರು. ಅದಕ್ಕಾಗಿ ಕರಾಚಿಯಲ್ಲಿ ಭಾರೀ ಹ್ಯಾಂಗರ್ ಎದ್ದು ನಿಂತಿತ್ತು. ಬಿಸಿಲಿನ ದೇಶಕ್ಕೆ ಪೆಟ್ರೋಲ್ ಒಯ್ಯುವುದು ಅಪಾಯ ಅಂತ ಡೀಸೆಲ್ ಎಂಜಿನ್ ಹಾಕಿದರು. ಆ ಎಂಜಿನ್ನು ಭಾರ. ಚೌಕಟ್ಟೂ ಭಾರವಾಯಿತು. ತೂಗಿ ನೋಡಿದರೆ ಅಂದುಕೊಂಡಷ್ಟು ಹೊರುವ ಶಕ್ತಿ ಉಳಿದಿರಲಿಲ್ಲ. ಆಗ ಏರ್‌ಶಿಪ್ಪನ್ನೇ ನಡುವೆ ಕತ್ತರಿಸಿ ಇನ್ನೊಂದು ಅನಿಲದ ಕೋಣೆ ಸೇರಿಸಿ ಉದ್ದ ಮಾಡಿದರು. 1930ರ ಅಕ್ಟೋಬರ್ 4ರ ಸಂಜೆ ಕಾರ್ಡಿಂಗ್ಟನ್‌ನಿಂದ ಕರಾಚಿಗೆ ಹೊರಟಿತು. ಗಾಳಿ ಮಳೆಯಲ್ಲಿ ಸಿಕ್ಕಿ ಅದೇ ರಾತ್ರಿ ಫ್ರಾನ್ಸಿನ ಬೊವೆ ಊರಿನ ಹತ್ತಿರ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು. 54 ಜನರಲ್ಲಿ 48 ಜನ ಸತ್ತರು. ಬೀಳುವುದಕ್ಕೆ ತೂಕ ಒಂದೇ ಕಾರಣ ಅಂತ ಹೇಳುತ್ತಿಲ್ಲ. ಆದರೆ ಮೊದಲ ದಿನದಿಂದ ಅದನ್ನು ಕಾಡಿದ್ದು ತೂಕವೇ.

ಹೀಲಿಯಂ ಯಾವತ್ತೂ ಚೀಲ ಬಿರಿಯುವಷ್ಟು ತುಂಬಬೇಡಿ. ಮಂಗಳೂರಿನ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ತೋರಿಸಲು ಅಂತ ಊರಿನಲ್ಲೇ ಗಟ್ಟಿಯಾಗಿ ತುಂಬಿಸಿಕೊಂಡು ಕಾರಿನಲ್ಲಿ ಹೊರಟರು. ಶಿರಾಡಿ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ವಾ? ಅದೇ ಆಯಿತು. ಸಕಲೇಶಪುರ ಮುಟ್ಟುವ ಹೊತ್ತಿಗೆ ಅಂಚು ಬಿಚ್ಚಿತ್ತು. ಕಾರಿನ ತುಂಬ ಹೀಲಿಯಂ, ಎಲ್ಲರ ಮಾತೂ ಕೀಚು ಕೀಚು. ಅವರು ನಗುತ್ತಾ ಹೇಳುತ್ತಾರೆ, ಆದರೆ ಕಿಟಕಿ ಇಳಿಸಿದ್ದು ಒಳ್ಳೆಯದಾಯಿತು. ಹೀಲಿಯಂ ವಿಷವಲ್ಲ, ಆದರೆ ಅದು ಆಮ್ಲಜನಕದ ಜಾಗ ಹಿಡಿಯುತ್ತದೆ. ಧ್ವನಿ ಬದಲಾಗುತ್ತದೆ ಅಂತ ಸಿಲಿಂಡರಿಗೆ ಬಾಯಿ ಇಟ್ಟು ಎಳೆಯುವ ಆಟ ಮಾತ್ರ ಬೇಡ. ಅದರಲ್ಲಿ ಜೀವ ಹೋಗಿದೆ.

ಇನ್ನು ಕೆಳಗೆ ನೇತಾಡುವ ತೊಟ್ಟಿಲು. ಗೊಂಡೋಲಾ ಅಂತ ಅದರ ಹೆಸರು. ನೂರು ಗ್ರಾಂ ನಮ್ಮದು ಅಂದೆನಲ್ಲ, ಅದನ್ನು ಹೇಗೆ ಖರ್ಚು ಮಾಡಬೇಕು? ಆಟಿಕೆ ಡ್ರೋನ್‌ನಿಂದ ಕಿತ್ತ ಎರಡು ಪುಟ್ಟ ಮೋಟರ್, ಒಟ್ಟು 10 ಗ್ರಾಂ. ಹೇಳಿದಷ್ಟೇ ತಿರುಗಿ ನಿಲ್ಲುವ ಒಂದು ಸರ್ವೋ ಮೋಟರ್, 9. ರಿಸೀವರ್ ಮತ್ತು ಮೋಟರ್ ನಡೆಸುವ ಬೋರ್ಡ್, 8. ಒಂದೇ ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, 13. ವೈರಿಗೆ 5. ಥರ್ಮೋಕೋಲ್ ತೊಟ್ಟಿಲು 8. ಬಾಲದ ರೆಕ್ಕೆಗಳಿಗೆ 18. ಅಂಟು, ವೆಲ್ಕ್ರೋ 5. ಒಟ್ಟು 76 ಆಯಿತು. ಉಳಿದ ಇಪ್ಪತ್ತು ಚಿಲ್ಲರೆ ಗ್ರಾಂ ಮುಟ್ಟಬೇಡಿ, ಅದು ಆಪತ್ತಿಗೆ. ಹೀಲಿಯಂ ದಿನಾ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ.

ಎರಡು ಮೋಟರನ್ನು ಒಂದು ಕಡ್ಡಿಯ ಎರಡು ತುದಿಗೆ ಕೂರಿಸಿ, ಕಡ್ಡಿಯನ್ನು ಸರ್ವೋದಿಂದ ತಿರುಗಿಸಿ. ಮುಂದಕ್ಕೆ ಮುಖ ಮಾಡಿದರೆ ಮುಂದೆ, ಮೇಲಕ್ಕೆ ಮಾಡಿದರೆ ಮೇಲೆ. ಎಡದ್ದು ಜೋರು ಬಲದ್ದು ನಿಧಾನ ಮಾಡಿದರೆ ಬಲಕ್ಕೆ ತಿರುಗುತ್ತದೆ. ವಿಮಾನಕ್ಕಿರುವ ಹಾಗೆ ಬಾಲದಲ್ಲಿ ಚುಕ್ಕಾಣಿ ಹಾಕುವವರಿದ್ದಾರೆ. ನಡೆದಾಡುವ ವೇಗದಲ್ಲಿ ಅದಕ್ಕೆ ಬಲವೇ ಬರುವುದಿಲ್ಲ, ನನಗಂತೂ ಇಷ್ಟ ಇಲ್ಲ.

ಶಕ್ತಿ ಎಷ್ಟು ಬೇಕು ಅಂತ ಕೇಳಿದರೆ ನಗು ಬರುತ್ತದೆ. ಸೆಕೆಂಡಿಗೆ ಎರಡು ಮೀಟರ್ ಹೋಗಲು ಹತ್ತು ಗ್ರಾಂ ನೂಕುಬಲ ಸಾಕು. ಆದರೆ ವೇಗ ದುಪ್ಪಟ್ಟು ಬೇಕೆಂದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಬ್ಯಾಟರಿ ಎಂಟು ಪಟ್ಟು ಉರಿಯುತ್ತದೆ. ಅವಸರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಅವರು ಡ್ರೋನ್ ತೆಗೆದುಕೊಳ್ಳಲಿ.

ಆಂಟೆನಾ ಬಗ್ಗೆ ಒಂದು ಮಾತು. ನನ್ನ ಐದನೇ ಏರ್‌ಶಿಪ್‌ನಲ್ಲಿ ವೈರ್ ನೇತಾಡುವುದು ಚೆನ್ನಾಗಿ ಕಾಣುವುದಿಲ್ಲ ಅಂತ ಆಂಟೆನಾವನ್ನು ಚೀಲಕ್ಕೇ ಅಂಟಿಸಿದೆ. ಹತ್ತಿರ ಇದ್ದಾಗ ಚೆನ್ನಾಗಿತ್ತು, ಹದಿನೈದು ಮೀಟರ್ ಹೋಗಿದ್ದೇ ತಡ ಮಾತು ಕೇಳಲಿಲ್ಲ. ಬೆಳ್ಳಿ ಲೇಪ ಅಂದರೆ ಲೋಹ. ರೇಡಿಯೋ ಅಲೆಗೆ ಅದು ಗೋಡೆ. ಈಗ ಆಂಟೆನಾ ಕೆಳಗೆ ತೂಗುತ್ತದೆ, ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಅದೇ ಲೋಹದ ಕಾರಣಕ್ಕೆ ಕರೆಂಟ್ ಲೈನಿನ ಹತ್ತಿರ ಇಂಥ ಬಲೂನನ್ನು ಬಿಡಲೇಬಾರದು. ತಂತಿಗೆ ತಂತಿ ಸೇರಿಸಿ ಶಾರ್ಟ್ ಮಾಡುತ್ತದೆ.

ರೇಡಿಯೋದಿಂದ ಏರ್‌ಶಿಪ್ ನಡೆಸುವುದು ಹೊಸದೇನೂ ಅಲ್ಲ. ರೇಮಂಡ್ ಫಿಲಿಪ್ಸ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1910ರಲ್ಲೇ ಲಂಡನ್‌ನ ಹಿಪೊಡ್ರೋಮ್ ರಂಗಮಂದಿರದಲ್ಲಿ ಪ್ರೇಕ್ಷಕರ ತಲೆ ಮೇಲೆ ಮಾದರಿ ಏರ್‌ಶಿಪ್ ಓಡಿಸಿ ತೋರಿಸಿದ್ದ. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರದ ಕಾಲ. ಅವನ ಬ್ಯಾಟರಿ ಎಷ್ಟು ತೂಗಿರಬಹುದು ಅಂತ ನೆನೆದರೆ ನನಗೆ ಬೆವರುತ್ತದೆ.

ಬಾಲದ ರೆಕ್ಕೆಗೆ ನಾನು ಬಳಸುವುದು ತೆಂಗಿನ ಪೊರಕೆ ಕಡ್ಡಿ ಮತ್ತು ತೆಳು ಪ್ಲಾಸ್ಟಿಕ್. ಗಾಳಿಪಟ ಕಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಬಾಲ ಯಾಕೆ ಬೇಕು? ಉದ್ದನೆಯ ವಸ್ತು ಗಾಳಿಯಲ್ಲಿ ಮೂತಿ ಮುಂದೆ ಮಾಡಿ ನೆಟ್ಟಗೆ ಹೋಗಲು ಒಪ್ಪುವುದಿಲ್ಲ. ಕಾಗದದ ಪಟ್ಟಿಯನ್ನು ನೆಟ್ಟಗೆ ಹಿಡಿದು ಬಿಡಿ, ಅದು ಬೀಳುತ್ತಾ ಅಡ್ಡ ತಿರುಗುತ್ತದೆ. ಏರ್‌ಶಿಪ್ಪಿಗೂ ಅದೇ ಚಾಳಿ. ಮ್ಯಾಕ್ಸ್ ಮಂಕ್ ಅನ್ನುವವರು 1924ರಲ್ಲಿ ಅಮೆರಿಕದಲ್ಲಿ ಇದರ ಗಣಿತ ಬರೆದಿಟ್ಟರು. ಬಾಲದ ರೆಕ್ಕೆ ಆ ಚಾಳಿಯನ್ನು ಪೂರ್ತಿ ಬಿಡಿಸುವುದಿಲ್ಲ, ತಗ್ಗಿಸುತ್ತದೆ. ಉಳಿದದ್ದು ನಿಮ್ಮ ಬೆರಳಿನ ಕೆಲಸ.

ಹಾರಿಸುವ ಅನುಭವ ಹೇಗಿರುತ್ತದೆ? ಹಂಪಿಯಲ್ಲಿ ಹರಿಗೋಲು ಹತ್ತಿದವರು ಕೈ ಎತ್ತಿ. ಹುಟ್ಟು ಹಾಕಿದ ಎಷ್ಟೋ ಹೊತ್ತಿಗೆ ಅದು ಹೊರಡುತ್ತದೆ, ನಿಲ್ಲಿಸಬೇಕು ಅಂದಾಗ ನಿಲ್ಲುವುದಿಲ್ಲ, ಅಲ್ವಾ? ಇದೂ ಹಾಗೇ. ತಕ್ಕಡಿ ಸೊನ್ನೆ ತೋರಿಸಿದರೂ ಅದರೊಳಗಿನ ವಸ್ತು ಸೊನ್ನೆ ಆಗಿಲ್ಲ. ನೂರೆಂಬತ್ತು ಗ್ರಾಂ ಸಾಮಾನು ಚಲಿಸುತ್ತಿದೆ, ಜೊತೆಗೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತಿದೆ. ಗೋಡೆ ಬರುವ ಮೂರು ಮೀಟರ್ ಮೊದಲೇ ಮೋಟರ್ ಹಿಂದಕ್ಕೆ ತಿರುಗಿಸಬೇಕು. ತಿರುವು ಮುಗಿಯುವ ಮೊದಲೇ ಎದುರು ಒತ್ತಬೇಕು. ವಿಡಿಯೋ ಗೇಮ್ ಆಡುವ ಮಕ್ಕಳು ಮೊದಲ ಹತ್ತು ನಿಮಿಷ ಒದ್ದಾಡುತ್ತಾರೆ. ಎತ್ತಿನ ಗಾಡಿ ಹೊಡೆದ ಅಜ್ಜ ಒಬ್ಬರು ಎರಡೇ ನಿಮಿಷದಲ್ಲಿ ಹಿಡಿದುಕೊಂಡರು.

ಎತ್ತರ ಕಾಯ್ದುಕೊಳ್ಳಲು ಒಂದು ಹಳೆಯ ಉಪಾಯ ಇದೆ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವ ಹಾಗೆ ಏರ್‌ಶಿಪ್ಪಿನ ಹೊಟ್ಟೆಯಿಂದ ನೆಲಕ್ಕೆ ಎಳೆಯುವಷ್ಟು ಉದ್ದ ದಾರ ಬಿಡಿ. ಮೇಲೇರಿದರೆ ನೆಲದ ಮೇಲಿನ ದಾರವೂ ಎದ್ದು ಭಾರ ಜಾಸ್ತಿಯಾಗುತ್ತದೆ. ಇಳಿದರೆ ದಾರ ನೆಲದಲ್ಲಿ ಮಲಗಿ ಭಾರ ಕಮ್ಮಿಯಾಗುತ್ತದೆ. ತಾನಾಗಿಯೇ ಒಂದು ಎತ್ತರದಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಬಲೂನುಗಾರ ಚಾರ್ಲ್ಸ್ ಗ್ರೀನ್ ಸುಮಾರು ಇನ್ನೂರು ವರ್ಷದ ಹಿಂದೆಯೇ ಹಗ್ಗ ಬಿಟ್ಟು ಇದನ್ನು ಮಾಡುತ್ತಿದ್ದ. ನಮಗೆ ಇನ್ನೊಂದು ಲಾಭ ಇದೆ. ಬ್ಯಾಟರಿ ಮುಗಿದು ಏರ್‌ಶಿಪ್ ಸೂರಿಗೆ ಅಂಟಿಕೊಂಡರೆ ದಾರ ಹಿಡಿದು ಎಳೆಯಬಹುದು. ಮದುವೆ ಛತ್ರದ ಸೂರು ಎಷ್ಟು ಎತ್ತರ ಅನ್ನುವುದು ಏಣಿ ಹುಡುಕುವಾಗಲೇ ಗೊತ್ತಾಗುವುದು.

ಛತ್ರ ಅಂದೆ. ಹಾರಿಸಲು ಒಳ್ಳೆಯ ಜಾಗ ಅದೇ, ಮುಹೂರ್ತ ಇಲ್ಲದ ದಿನ. ಗಂಟೆಗೆ ಹತ್ತು ಕಿಲೋಮೀಟರ್ ಗಾಳಿ ಬೀಸಿದರೆ ಸಾಕು, ಬಯಲಿನಲ್ಲಿ ನಿಮ್ಮ ಏರ್‌ಶಿಪ್ ನಿಮ್ಮದಲ್ಲ. ಒಳಗೆ ಆ ಭಯ ಇಲ್ಲ. ಇರುವ ಭಯ ಒಂದೇ, ಫ್ಯಾನು. ಏಳನೇ ಏರ್‌ಶಿಪ್, ಮೂರು ಮೀಟರಿನದು, ನಾಲ್ಕು ತಿಂಗಳ ಕೆಲಸ. ಛತ್ರದಲ್ಲಿ ರಾಜಗಾಂಭೀರ್ಯದಿಂದ ಹೋಗುತ್ತಿತ್ತು. ಅಲ್ಲಿನ ಹುಡುಗ ಪಾಪ, ನಮಗೆ ಸೆಕೆಯಾಗುತ್ತದೆ ಅಂತ ಎಲ್ಲ ಫ್ಯಾನೂ ಹಾಕಿದ. ಅವನಿಗೆ ಬೈಯಲೂ ಆಗಲಿಲ್ಲ. ಈಗ ಮೊದಲ ಕೆಲಸ ಸ್ವಿಚ್ ಬೋರ್ಡಿಗೆ ಚೀಟಿ ಅಂಟಿಸುವುದು. ಆ ಚೀಟಿಯನ್ನು ಮಾತ್ರ ತೂಗಬೇಕಿಲ್ಲ.

ಬಯಲಿನಲ್ಲೇ ಹಾರಿಸುತ್ತೇನೆ ಅನ್ನುವವರು 2021ರ ಡ್ರೋನ್ ನಿಯಮ ಓದಿಕೊಳ್ಳಿ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಿಕೊಳ್ಳಿ. ಯಾವಾಗಲೂ ಎತ್ತುವ ಬಲಕ್ಕಿಂತ ಐದು ಗ್ರಾಂ ಭಾರ ಜಾಸ್ತಿ ಇಟ್ಟೇ ಹಾರಿಸಿ. ಸಿಗ್ನಲ್ ಹೋದರೆ ಅದು ಕೆಳಗೆ ಬರಬೇಕು, ಮೋಡದ ಕಡೆ ಹೋಗಬಾರದು.

ಮಾತಿನ ನಡುವೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಸರ, ಹೀಲಿಯಂ ಅಷ್ಟು ತುಟ್ಟಿ ಇದ್ರ ಹೈಡ್ರೋಜನ್ ಯಾಕ ತುಂಬಬಾರದು?"

ಒಳ್ಳೆಯ ಪ್ರಶ್ನೆ ತಮ್ಮಾ. ಹೈಡ್ರೋಜನ್ ಹೀಲಿಯಂನ ಅರ್ಧದಷ್ಟೇ ತೂಕ. ಹಾಗಂತ ಎರಡು ಪಟ್ಟು ಎತ್ತುತ್ತದೆ ಅಂದುಕೊಂಡರೆ ತಪ್ಪು. ಎತ್ತುವುದು ಗಾಳಿಯ ತೂಕ ಮತ್ತು ಒಳಗಿನ ಅನಿಲದ ತೂಕದ ವ್ಯತ್ಯಾಸ. ಆ ಲೆಕ್ಕದಲ್ಲಿ ಲಾಭ ನೂರಕ್ಕೆ ಎಂಟು ಮಾತ್ರ. ಅಷ್ಟಕ್ಕೆ ಕೊಡಬೇಕಾದ ಬೆಲೆ ಏನು? ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲು ಹೈಡ್ರೋಜನ್ ಬೆರೆತರೂ ಅದು ಹೊತ್ತಿಕೊಳ್ಳುತ್ತದೆ. ಒಂದು ಕಿಡಿ ಸಾಕು, ನಮ್ಮ ಪುಟ್ಟ ಮೋಟರಿನ ಬ್ರಷ್‌ನಲ್ಲಿ ಕಿಡಿ ಇದ್ದೇ ಇರುತ್ತದೆ. ಹಿಂಡೆನ್‌ಬರ್ಗ್ 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಉರಿದದ್ದು ನಿಮಗೆ ಗೊತ್ತು. ಅಷ್ಟು ದೂರ ಯಾಕೆ, ನಮ್ಮ ಜಾತ್ರೆಗಳಲ್ಲಿ ಹಳೆಯ ಸಿಲಿಂಡರಿನಲ್ಲಿ ಕಾಸ್ಟಿಕ್ ಸೋಡಾ, ಅಲ್ಯುಮಿನಿಯಂ ಚೂರು ಹಾಕಿ ಹೈಡ್ರೋಜನ್ ಮಾಡಿ ಬಲೂನು ತುಂಬುತ್ತಾರೆ. ಅದು ಸಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದರ ಹತ್ತಿರ ನಿಲ್ಲಬೇಡಿ.

ಮುಂದೆ ಕೂತಿದ್ದ ಮೇಡಂ ಬಿಸಿ ಗಾಳಿ ಬಗ್ಗೆ ಕೇಳಿದರು. ನೂರು ಡಿಗ್ರಿಗೆ ಕಾಯಿಸಿದರೂ ಆ ಸಾವಿರ ಲೀಟರ್ ಟ್ಯಾಂಕ್ ಇನ್ನೂರು ಚಿಲ್ಲರೆ ಗ್ರಾಂ ಮಾತ್ರ ಎತ್ತುತ್ತದೆ. ಹೀಲಿಯಂನ ಕಾಲು ಭಾಗಕ್ಕಿಂತ ಕಮ್ಮಿ. ಜೊತೆಗೆ ಒಲೆಯನ್ನೂ ಹೊರಬೇಕು.

ಹೀಲಿಯಂ ಮಾತು ಬಂತು, ನಿಮ್ಮ ಜಿಲ್ಲೆಗೆ ಬಂದು ಇದನ್ನು ಹೇಳದೆ ಹೋಗಲಾರೆ. 1868ರ ಆಗಸ್ಟ್ 18. ಪೂರ್ಣ ಸೂರ್ಯಗ್ರಹಣ. ಅದರ ನೆರಳು ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಯಿತು. ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸನ್ ಆಂಧ್ರದ ಗುಂಟೂರಿನಲ್ಲಿ ದೂರದರ್ಶಕ ಹೂಡಿಕೊಂಡು ಕೂತಿದ್ದ. ಅವನ ಹೆಸರು ಎಲ್ಲ ಕಡೆ ಇದೆ. ಅದೇ ದಿನ ಇನ್ನೊಬ್ಬ ನಿಮ್ಮ ಜಮಖಂಡಿಯಲ್ಲಿದ್ದ. ಆಗ ಅದು ಪಟವರ್ಧನರ ಸಂಸ್ಥಾನ. ಅವನು ಭಾರತದ ಸರ್ವೆಯಲ್ಲಿ ಕೆಲಸ ಮಾಡುತ್ತಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಲಂಡನ್‌ನ ರಾಯಲ್ ಸೊಸೈಟಿ ಅವನಿಗೆ ಬೆಳಕಿನ ಬಣ್ಣ ಬಿಡಿಸಿ ನೋಡುವ ಸ್ಪೆಕ್ಟ್ರೋಸ್ಕೋಪ್ ಕಳಿಸಿತ್ತು. ಆಗಸ್ಟ್ ತಿಂಗಳು, ಮೋಡ ಕಾಡಿತು. ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಅವನಿಗೆ ಮೂರು ಗೆರೆ ಕಂಡವು. ಕೆಂಪು, ಕಿತ್ತಳೆ, ನೀಲಿ. ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆ ಇರುತ್ತದೆ. ಕಿತ್ತಳೆ ಗೆರೆ ಸೋಡಿಯಂದು ಅಂತ ಅವನು ತಿಳಿದ.

ಸೋಡಿಯಂದಾಗಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಗ್ರಹಣ ಇಲ್ಲದೆಯೇ ಅದೇ ಗೆರೆ ನೋಡಿದ. ಅದು ಸೋಡಿಯಂ ಗೆರೆಯ ಪಕ್ಕದಲ್ಲಿತ್ತು, ಅದೇ ಜಾಗದಲ್ಲಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಆ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರು ಬಂತು, ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಗೆ, ಒಂದು ಯುರೇನಿಯಂ ಖನಿಜದೊಳಗೆ. ಈ ಬಲೂನಿನಲ್ಲಿ ಇರುವುದನ್ನು ಮೊದಲು ಕಂಡ ಕೆಲವೇ ಕಣ್ಣುಗಳಲ್ಲಿ ಒಂದು ಜೊತೆ ಜಮಖಂಡಿಯಲ್ಲಿತ್ತು. ಅಲ್ಲಿ ಒಂದು ಕಲ್ಲಾದರೂ ನೆಡಬೇಕು ಅಂತ ನನ್ನ ಆಸೆ.

ಖರ್ಚು ಎಷ್ಟು ಅಂತ ಹಲವರು ಕೇಳಿದಿರಿ. ಜಾಸ್ತಿ ತಿನ್ನುವುದು ಹೀಲಿಯಂ ಒಂದೇ, ನಮ್ಮ ದೇಶ ಅದನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದಲೇ ತರಿಸುತ್ತದೆ. ದೊಡ್ಡ ಸಿಲಿಂಡರಿನಲ್ಲಿ ಸುಮಾರು ಏಳು ಘನ ಮೀಟರ್ ಇರುತ್ತದೆ, ನಮ್ಮಂಥ ಏರ್‌ಶಿಪ್ ಮೂವತ್ತು ಸಲ ತುಂಬಬಹುದು. ಒಬ್ಬರೇ ಕೊಳ್ಳಬೇಡಿ. ಹುಟ್ಟುಹಬ್ಬದ ಅಲಂಕಾರ ಮಾಡುವವರ ಹತ್ತಿರ ಹೋಗಿ ತುಂಬಿಸಿಕೊಂಡು ಬನ್ನಿ. ಆಮೇಲೆ ಗ್ಯಾಸ್ ಬಿಡಬೇಡಿ. ಅಂಚು ಚೆನ್ನಾಗಿ ಕೂತಿದ್ದರೆ ಎರಡು ಮೂರು ವಾರ ಆರಾಮಾಗಿ ಇರುತ್ತದೆ. ನಮ್ಮ ಮನೆಯ ಹಾಲ್‌ನಲ್ಲಿ ಅದು ಅತಿಥಿಯ ಹಾಗೆ ತೇಲುತ್ತಿರುತ್ತದೆ.

ಇನ್ನು ಹಾರಿಸಿ ತೋರಿಸುವುದಷ್ಟೇ ಬಾಕಿ. ಇಲ್ಲಿಗೆ ಬಂದ ಮೇಲೆ ಬೆಳಗ್ಗೆ ನನ್ನ ಏರ್‌ಶಿಪ್ಪಿಗೆ ಸ್ವಲ್ಪ ಹೀಲಿಯಂ ಸೇರಿಸಿದ್ದೆ. ಕೈ ಬಿಟ್ಟರೆ ಮೇಲೆ ಹೋಗುತ್ತಿದೆ, ನೋಡಿ. ಮೂರು ನಾಲ್ಕು ಗ್ರಾಂ ಹಗುರ. ನನ್ನ ನಾಣ್ಯ ಈಗಾಗಲೇ ತೊಟ್ಟಿಲಲ್ಲಿದೆ. ಯಾರ ಹತ್ತಿರ ಇನ್ನೊಂದು ರೂಪಾಯಿ ಇದೆ?

ಮೊದಲ ಸಾಲಿನ ಒಬ್ಬ ಹುಡುಗಿ ತನ್ನ ಕಂಪಾಸ್ ಬಾಕ್ಸಿನಿಂದ ಒಂದು ನಾಣ್ಯ ತೆಗೆದು ಕೊಟ್ಟಳು. ಅದನ್ನು ಗೊಂಡೋಲಾದೊಳಗೆ ಅಂಟಿಸಿದೆ. ಏರ್‌ಶಿಪ್ ಕೈ ಬಿಟ್ಟಲ್ಲೇ ನಿಂತಿತು. ಸಭೆ ಒಂದು ಕ್ಷಣ ಗಪ್‌ಚುಪ್. ಫ್ಯಾನು ಯಾರೂ ಹಾಕಲಿಲ್ಲ. ಹದಿನೈದು ನಿಮಿಷ ಹಾರಿತು, ಏಳೆಂಟು ಮಕ್ಕಳು ರಿಮೋಟ್ ಹಿಡಿದರು, ಒಂದು ಸಲ ಟ್ಯೂಬ್‌ಲೈಟಿಗೆ ತಾಗಿತು. ಗಡಿಬಿಡಿಯಲ್ಲಿ ಆ ಹುಡುಗಿಯ ನಾಣ್ಯ ವಾಪಸ್ ಕೊಡುವುದು ಮರೆತೆ. ಬೆಂಗಳೂರಿಗೆ ಬಂದು ಗೊಂಡೋಲಾ ಬಿಚ್ಚಿದಾಗ ಸಿಕ್ಕಿತು. ತೂಗಿ ನೋಡಿದೆ. 3.8 ಗ್ರಾಂ.